ಒಂದ ಮುದ್ದಿ ಸಿಪಾಯಿ

“ಈ ಸಲ ಸಿಪಾಯಿ ಹ್ಯಾಂಗ ಮಾಡ್ಲಿರಿ ಸುಬೇದಾರ್ರ? ಕೈ ಬ್ಯಾರೆನೋ, ಒಂದ ಮುದ್ದಿನೋ?” ಎಂದು ಕೇಳಿದ ಮೇಲೆ ಕುಂಬಾರ ಸಣ್ಣವ್ವ ನಾಲಿಗೆ ಕಚ್ಚಿಕೊಂಡಳು. ಲಕ್ವ ಹೊಡೆದ ಮಡಿವಾಳೆಪ್ಪನ ಬಲಗೈ, ಯಾರೋ ಮರೆತುಹೋದ ಟವೆಲ್ಲಿನ ಹಾಗೆ ಕಟ್ಟೆಯ ಮೇಲೆ ಬಿದ್ದಿತ್ತು.

“ಕೈ ಬ್ಯಾರೇನ ಇರ್ಲಿ,” ಎಂದಳು ಹೆಂಡತಿ ಮಹಾದೇವಕ್ಕ, ಅವಸರದಿಂದ. “ಯಾವಾಗ್ಲೂ ಅವ್ರ ಹಚ್ತಾರಲ್ಲ?”

ಬಾಂಗ್ಲಾ ಯುದ್ಧ ಮುಗಿಸಿ ತನ್ನೂರು ಸಂಶಿಗೆ ಬಂದಾಗಿನಿಂದ ಮಡಿವಾಳೆಪ್ಪ ಗೆಳೆಯ ಈರಪ್ಪನೊಂದಿಗೆ ಹಲಗೆಯ ಮೇಲೆ ಮಣ್ಣಿನ ಸಿಪಾಯಿಗಳನ್ನಿಟ್ಟು ಯುದ್ಧದಾಟ ಆಡುತ್ತಿದ್ದ. ಮೈ ಕೈ ಸೇರಿಸಿ ಒಂದೇ ಮುದ್ದೆಯಲ್ಲಿ ಮಾಡಿದ ಸಿಪಾಯಿಗಳನ್ನು ಕಂಡರೆ ಅವನಿಗಾಗದು. ಎಲ್ಲವೂ ಕೈ ಇಳಿಬಿಟ್ಟುಕೊಂಡು ನಿಂತಿರುತ್ತವೆ. ಸಣ್ಣವ್ವ ಮೈ, ಕೈ ಬೇರೆ ಮಾಡಿಕೊಟ್ಟರೆ ತಾನೇ ಅಂಟಿಸಿ, ಒಬ್ಬನಿಂದ ಬಂದೂಕು ಎತ್ತಿಸುತ್ತಿದ್ದ, ಇನ್ನೊಬ್ಬನ ಕೈಗೆ ಬಾವುಟ ಕೊಡುತ್ತಿದ್ದ.

ಈಗ ಅವನು ಸಣ್ಣವ್ವ ಮಾದರಿಗೆ ಮಾಡಿಟ್ಟಿದ್ದ ಹಸಿ ತೋಳನ್ನು ಎಡಗೈಯಿಂದ ಎತ್ತಿ ಸಿಪಾಯಿಯ ಭುಜಕ್ಕೆ ಒತ್ತಿದ. ಹಿಡಿದುಕೊಳ್ಳಲು ಅವನಿಗೆ ಇನ್ನೊಂದು ಕೈಯಿಲ್ಲದೆ ಸಿಪಾಯಿ ಮಗುಚಿಬಿತ್ತು. ನಿಲ್ಲಿಸಿ ಮತ್ತೆ ಒತ್ತಿದ, ಮತ್ತೆ ಬಿತ್ತು. ಸಿಪಾಯಿಯನ್ನು ಹಿಡಿಯಲು ಮುಂದೆ ಹೋದ ಮಹಾದೇವಕ್ಕನ ಕೈ ನಡುವೆಯೇ ನಿಂತು, ಸೆರಗಿನೊಳಗೆ ಸೇರಿಕೊಂಡಿತು.

“ಒಂದ... ಮುದ್ದಿ,” ಎಂದ ಮಡಿವಾಳೆಪ್ಪ, ಸೊಟ್ಟಗಾದ ಬಾಯಿಂದ.

“ಇನ್ನೊಂದ ಸಲ ನೋಡ್ರಿ...” ಎಂದಳು ಮಹಾದೇವಕ್ಕ.

ಅವನು ಬೇಡವೆಂದು ತಲೆ ಅಲ್ಲಾಡಿಸಿದ.

ಸಣ್ಣವ್ವ ಯಾರ ಮುಖವನ್ನೂ ನೋಡಲಿಲ್ಲ. ಹೊಸ ಮುದ್ದೆ ತೆಗೆದುಕೊಂಡು ಇನ್ನೊಂದು ಸಿಪಾಯಿ ಮಾಡಿ, ಅದರ ಎರಡೂ ಕೈಗಳನ್ನು ಪಕ್ಕೆಗೆ ಒತ್ತಿ, ಗೆರೆ ಕಾಣದ ಹಾಗೆ ಹೆಬ್ಬೆರಳಿನಿಂದ ಸವರಿಬಿಟ್ಟಳು.