ಕಾಲಿಗೆ ಕಟ್ಟುವ ಹಗ್ಗ

ಈ ಗಂಡಸು ಹೆಂಡತಿಯನ್ನು ಮುಳುಗಿಸಲು ಹೊರಟಿದ್ದಾನೆ. ಮಾರಾಟಗಾರ್ತಿಗೆ ಅನುಮಾನ ಗಟ್ಟಿಯಾದದ್ದು ಅವನು ಮೂರನೆಯ ಸಲ 'ಬೇಡ' ಎಂದಾಗ.

ಅಂಗಡಿಗೆ ಕಾಲಿಡುತ್ತಲೇ ಹೇಳಿದ್ದ: "ನಿಂತ್ಕೊಂಡು ಹುಟ್ಟು ಹಾಕ್ತಾರಲ್ಲ, ಆ ಪ್ಯಾಡಲ್‌ಬೋರ್ಡ್ ಕೊಡಿ. ಇದೇ ಮೊದಲನೇದು. ನಾಳೆ ಇವಳ ಹುಟ್ಟುಹಬ್ಬ. ಹತ್ತು ವರ್ಷದಿಂದ ನೀರಿಗಿಳಿಯೋಣ ಅಂತ ಇದೇ ಗೋಳು."

ಹೆಂಡತಿ ಕಡ್ಡಿಯಂಥ ಹೆಂಗಸು. ಗಂಡನ ಬೆನ್ನ ಹಿಂದೆ ನಿಂತವಳು ನಿಂತೇ ಇದ್ದಳು.

ಮಾರಾಟಗಾರ್ತಿ ಅಗಲವಾದ ಹಲಗೆ ತೋರಿಸಿದಳು. "ಹೊಸಬರಿಗೆ ಇದೇ ಸರಿ ಸರ್. ಅಲುಗಾಡಲ್ಲ."

"ಬೇಡ. ಅಗಲದ್ದು ಮಕ್ಕಳಿಗಂತೆ." ಪಂದ್ಯದವರು ಒಯ್ಯುವ ಕಿರಿದಾದ ಹಲಗೆಯ ಮೇಲೆ ಕೈಯಿಟ್ಟ. "ಇದು ಎಂಬತ್ತೈದು ಕೆಜಿ ತಡೆಯುತ್ತಾ?"

ಐವತ್ತೂ ತೂಗದವಳನ್ನು ಎದುರಿಗೇ ಹಂಗಿಸುವುದೇ! ಮಾರಾಟಗಾರ್ತಿ ಬಿಗಿದ ದನಿಯಲ್ಲಿ ಕೇಳಿದಳು: "ಈಜು ಬರುತ್ತಾ?"

ಗಂಡ ಗಹಗಹಿಸಿ ನಕ್ಕ. "ಬಕೆಟ್ ನೀರಲ್ಲೂ ಮುಳುಗೋ ಜಾತಿ!"

"ಹಾಗಿದ್ರೆ ಲೈಫ್ ಜಾಕೆಟ್..."

"ಬೇಡ. ಉಸಿರು ಕಟ್ಟುತ್ತಂತೆ."

"ಕಾಲಿಗೆ ಕಟ್ಟೋ ಈ ಹಗ್ಗ ಆದ್ರೂ?"

"ಅದೂ ಬೇಡ. ತೊಡರುತ್ತಂತೆ."

ಅವನು ಹಲಗೆ, ಹುಟ್ಟು ಹೊತ್ತು ಕಾರಿನ ಕಡೆ ಹೋದ. ಈಗ ಬಾಯಿ ಮುಚ್ಚಿಕೊಂಡಿದ್ದರೆ ಆ ಪಾಪದಲ್ಲಿ ತನಗೂ ಪಾಲು. ಮಾರಾಟಗಾರ್ತಿ ಮೇಜಿನ ಮೇಲೆ ಬಾಗಿದಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಈ ಹಲಗೆ ಹೊಸಬರನ್ನ ನಿಲ್ಲಿಸಲ್ಲ, ಕೆಡವುತ್ತೆ. ಕೆರೆ ಮಧ್ಯೆ ಹಗ್ಗ ಇಲ್ದೆ ಬಿದ್ರೆ, ಗಾಳಿಗೆ ಹಲಗೆ ಒಂದು ದಿಕ್ಕು, ಮನುಷ್ಯ ಒಂದು ದಿಕ್ಕು. ಹಿಡ್ಕೊಳ್ಳೋಕೆ ಹುಲ್ಲುಕಡ್ಡೀನೂ ಸಿಗಲ್ಲ." ಹಗ್ಗವನ್ನು ಅವಳ ಚೀಲಕ್ಕೆ ತುರುಕಿದಳು. "ದುಡ್ಡು ಬೇಡ. ಬಚ್ಚಿಟ್ಕೊಳ್ಳಿ."

ಹೆಂಡತಿ ಮೊದಲ ಸಲ ಬಾಯಿ ಬಿಟ್ಟಳು. "ಇದನ್ನೆಲ್ಲ ಅವರ ಹತ್ರ ಹೇಳಿಲ್ಲ ತಾನೆ?"

"ಅಯ್ಯೋ, ಖಂಡಿತ ಇಲ್ಲ!"

"ಒಳ್ಳೇದಾಯ್ತು ತಂಗಿ."

ಬಿಗಿದಿದ್ದ ಅವಳ ಭುಜ ಸಡಿಲವಾಯಿತು. ಬಾಗಿಲವರೆಗೆ ಹೋಗಿ ಹೊರಗೆ ಇಣುಕಿದಳು. ತಿರುಗಿ ಬಂದಳು. ಚೀಲದಿಂದ ಹಗ್ಗ ತೆಗೆದು, ನೀಟಾಗಿ ಸುರುಳಿ ಸುತ್ತಿ, ಮೇಜಿನ ಮೇಲೆ ಇಟ್ಟಳು.

ಹೊರಗೆ ಗಂಡ ಹುಟ್ಟನ್ನು ತಲೆಯ ಮೇಲೆತ್ತಿ ಕೂಗುತ್ತಿದ್ದ: "ಬಾರೇ, ಈಜು ಟೀಚರಮ್ಮ! ನೀನು ಹೇಳಿದ್ದನ್ನೇ ತಗೊಂಡಿದ್ದೀನಿ. ನಾಳೆ ನಾನು ಬಿದ್ರೆ ನೀನೇ ಎತ್ತಬೇಕು, ಆಯ್ತಾ?"