ಬಾಟಲಿಯಲ್ಲಿಟ್ಟ ಪೈಪು

ಏರಿನ ಅರ್ಧದಲ್ಲಿ ಲಾರಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಸೊಸೆ ಹ್ಯಾಂಡ್‌ಬ್ರೇಕ್ ಎಳೆದು, ಕೆಳಗೆ ಹಾರಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ಬಾನೆಟ್ ಎತ್ತಿ ನೋಡಿದವಳಿಗೆ ಜೀವ ಬಾಯಿಗೆ ಬಂತು. ಡೀಸೆಲ್ ಪೈಪು ಮೈಯೆಲ್ಲ ಬೆವರಿತ್ತು. ಅದರಿಂದ ತೊಟ್ಟಿಕ್ಕಿದ ಹನಿ ಸೈಲೆನ್ಸರಿನ ಬಿಸಿ ಕೊಳವೆಯ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಲಾರಿಯಲ್ಲಿ ತುಂಬಿದ್ದದ್ದೋ ಹತ್ತಿಯ ಹಾಸಿಗೆಗಳು.

"ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸಿದ್ರೆ ಇನ್ನೇನಾಗುತ್ತೆ?" ಎನ್ನುತ್ತ ಎಡಗಡೆಯ ಬಾಗಿಲಿನಿಂದ ಇಳಿದು ಬಂದ ಮಾವ, ಹೊಗೆ ಕಂಡು ಬಾನೆಟ್ಟಿನೊಳಕ್ಕೆ ಬಗ್ಗಿದರು. ಪೈಪನ್ನು ಹಿಚುಕಿ ನೋಡಿದರು. ಬೆಂದ ಬದನೆಕಾಯಿಯ ಹಾಗೆ ಬೆರಳು ಒಳಕ್ಕೇ ಹೋಯಿತು. "ಇದನ್ನ ಹಾಕಿ ಎರಡು ತಿಂಗಳೂ ಆಗಿಲ್ಲವಲ್ಲ."

"ಎರಡು ತಿಂಗಳಿಂದಲೇ ಅಲ್ವಾ ಮಾವ, ಹಾಸಿಗೆ ಫ್ಯಾಕ್ಟರಿಯೋರು ಬಯೋಡೀಸೆಲ್ ತುಂಬಿಸ್ತಿರೋದು? ಈ ರಬ್ಬರಿಗೆ ಅದು ಒಗ್ತಿಲ್ಲ ಅನ್ಸುತ್ತೆ."

"ಇಪ್ಪತ್ತೆಂಟು ವರ್ಷದಿಂದ ಇದೇ ಪೈಪು ಹಾಕ್ಕೊಂಡು ಬಂದಿದೀನಿ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನೋಡಮ್ಮ, ಇನ್ನೊಂದು ಸಲ ಇದು ದಾರೀಲಿ ನಿಂತ್ರೆ ಗುಜರಿಯವನಿಗೆ ಫೋನ್ ಮಾಡ್ತೀನಿ. ಹೇಳಿಲ್ಲ ಅನ್ಬೇಡ."

ಅವಳು ಬಾನೆಟ್ ಮುಚ್ಚಿದಳು. ಆ ಲಾರಿಯೇ ಅವಳ ಕಸುಬು. ಗಂಡ ಆಸ್ಪತ್ರೆಯಲ್ಲಿ ನರ್ಸು, ತಿರುವಿನ ರಸ್ತೆ ಎಂದರೆ ಅವನಿಗೆ ತಲೆಸುತ್ತು. ಮಗ ಮುಟ್ಟದ ಸ್ಟೀರಿಂಗನ್ನು ಮಾವನಿಂದ ಹಟ ಮಾಡಿ ಕಲಿತವಳು ಅವಳೇ. ಹಾಸಿಗೆಗಳು ಬೇರೆ ಲಾರಿ ಹತ್ತಿದವು. ಇವರದು ಇನ್ನೊಂದು ವಾಹನದ ಬಾಲ ಹಿಡಿದು ಮನೆಯ ಶೆಡ್ಡು ಸೇರಿತು.

ಮರುದಿನ ಬಿಡಿಭಾಗದ ಅಂಗಡಿಯವನು ಮೇಜಿನ ಮೇಲೆ ಎರಡು ಪೈಪು ಇಟ್ಟ. ಎರಡೂ ಕಪ್ಪು, ಎರಡೂ ಒಂದೇ ದಪ್ಪ.

"ಬಯೋಡೀಸೆಲ್ ತಡೆಯೋದು ಯಾವುದಣ್ಣ?"

"ಎರಡೂ ತಡೆಯುತ್ತೆ ಅಕ್ಕ. ರಬ್ಬರ್ ಅಂದ್ಮೇಲೆ ರಬ್ಬರ್ರೇ."

"ಇದರ ಮೈಮೇಲೆ ಬಯೋಡೀಸೆಲ್ ಅಂತ ಬರೆದಿದೆ. ಅದರ ಮೇಲೆ ಬರೀ ಡೀಸೆಲ್ ಅಂತಿದೆ."

"ಬರೆಯೋಕೇನು, ನನ್ನ ಹಣೆ ಮೇಲೂ ಬರೀಬಹುದು."

ಅದೂ ನಿಜವೇ ಎನ್ನಿಸಿತು ಅವಳಿಗೆ. ಎರಡರದೂ ಬೆರಳುದ್ದದ ತುಂಡು ಕತ್ತರಿಸಿಕೊಂಡು ಬಂದು, ಎರಡು ಗಾಜಿನ ಬಾಟಲಿಗಳಲ್ಲಿ ಫ್ಯಾಕ್ಟರಿಯ ಬಯೋಡೀಸೆಲ್ ತುಂಬಿ, ತುಂಡುಗಳನ್ನು ಮುಳುಗಿಸಿ, ಮುಚ್ಚಳ ಬಿಗಿದು ಶೆಡ್ಡಿನ ಕಿಟಕಿಯಲ್ಲಿಟ್ಟಳು. ಹತ್ತು ದಿನ ಯಾರೂ ಮುಟ್ಟಬಾರದು ಎಂದಳು. "ಉಪ್ಪಿನಕಾಯಿ ಹಾಕಿದೀಯ?" ಎಂದು ಅತ್ತೆ ನಕ್ಕರು. ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅವಳು ಶೆಡ್ಡಿಗೆ ಹೋದಾಗ ಮಾವ ಕುಕ್ಕರಗಾಲಲ್ಲಿ ಕೂತಿದ್ದರು. ಮುಂದೆ ಪೇಪರಿನ ಮೇಲೆ ಎರಡು ತುಂಡು, ಕೈಯಲ್ಲಿ ದಪ್ಪ ಅಳೆಯುವ ವರ್ನಿಯರ್. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಸೀಮೆಸುಣ್ಣದ ಎರಡು ಸಾಲು ಅಂಕಿಗಳಿದ್ದವು. ದಿನಕ್ಕೊಂದು ಅಳತೆ. ಎಡಗಡೆಯ ಸಾಲು ದಿನದಿನಕ್ಕೂ ಏರಿತ್ತು. ಬಲಗಡೆಯದು ಇದ್ದಲ್ಲೇ ಇತ್ತು.

ಮಾವ ತಲೆಯೆತ್ತಲಿಲ್ಲ. ಎಡಗಡೆಯ ತುಂಡನ್ನು ಅವಳ ಕಡೆ ಚಾಚಿದರು. ಅದು ನೆನೆದ ಕಡಲೆಯಂತೆ ಉಬ್ಬಿತ್ತು. ಉಗುರು ತಾಗಿಸಿದರೆ ಸಿಪ್ಪೆ ಏಳುತ್ತಿತ್ತು. "ಇದು ನಾನು ಹಾಕ್ತಿದ್ದ ಜಾತಿ," ಎಂದರು.

"ಹಳೇ ಡೀಸೆಲ್‌ಗೆ ಅದು ಸರಿಯಾಗೇ ಇತ್ತು ಮಾವ."

"ಸರಿಯಾಗಿತ್ತು. ಈಗಿಲ್ಲ." ವರ್ನಿಯರನ್ನು ಮುಚ್ಚಿ ತೆರೆದು ಮಾಡಿದರು. "ಲಾರಿ ಹೋದ್ರೆ ಒಂದು ಕಬ್ಬಿಣ ಹೋಯ್ತು ಅಂದ್ಕೋಬಹುದಿತ್ತು. ಅದರೊಳಗೆ ನೀನಿದ್ದೆ. ಅವತ್ತಿಂದ ನನಗೆ ನಿದ್ದೆ ಹತ್ತಿಲ್ಲ ಕಣಮ್ಮ."

ಅವಳು ಸ್ಪ್ಯಾನರ್ ಡಬ್ಬಿ ಎಳೆದುಕೊಂಡಳು. ಬಯೋಡೀಸೆಲ್ ಎಂದು ಬರೆದಿದ್ದ ಬಲಗಡೆಯ ಜಾತಿಯ ಪೈಪು ತಂದು, ಟ್ಯಾಂಕಿನಿಂದ ಪಂಪಿಗೆ ಹೋಗುವುದು, ಇಂಜಿನ್ನಿನಿಂದ ಟ್ಯಾಂಕಿಗೆ ಮರಳುವುದು, ಒಂದನ್ನೂ ಬಿಡದೆ ಇಬ್ಬರೂ ಸೇರಿ ಬದಲಿಸಿದರು. ಫಿಲ್ಟರನ್ನೂ ಹೊಸದು ಹಾಕಿದರು. ಪ್ರತಿ ಕ್ಲಿಪ್ಪನ್ನೂ ಅವಳು ಬಿಗಿದ ಮೇಲೆ ಮಾವ ಇನ್ನೊಮ್ಮೆ ಬಿಗಿದರು.

ವಾರ ಕಳೆದು ಅದೇ ಏರು, ಅಷ್ಟೇ ಹಾಸಿಗೆ. ಲಾರಿ ಉಸಿರು ಕಟ್ಟದೆ ಹತ್ತಿತು. ನೆತ್ತಿಯಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದಳು. ಪೈಪುಗಳ ಮೇಲೆ ತೆಳು ಧೂಳು, ಅಷ್ಟೇ. ಉದ್ದಕ್ಕೂ ಬೆರಳಾಡಿಸಿದಳು. ಬೆರಳು ಒಣಗಿಯೇ ಇತ್ತು. ಎದೆಯ ಮೇಲಿಂದ ಯಾರೋ ಚಪ್ಪಡಿ ಇಳಿಸಿದ ಹಾಗಾಯಿತು.

"ಮಾವ, ಒಂದು ತೊಟ್ಟೂ ಇಲ್ಲ," ಎಂದು ಕೂಗಿದಳು. ಹತ್ತಿರ ಹೋಗಿ ನೋಡಿದರೆ ಮಾವ ಬಾಗಿಲಿಗೆ ತಲೆ ಆನಿಸಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು. ಬೇರೆಯವರು ಓಡಿಸುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ಈವರೆಗೆ ಯಾರೂ ಕಂಡಿರಲಿಲ್ಲ. ಅವಳು ಸದ್ದಾಗದಂತೆ ಬಾನೆಟ್ ಮುಚ್ಚಿ, ಹತ್ತಿ ಕೂತು, ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿಜಾರಿಗೆ ಬಿಟ್ಟಳು.