ಮೈನಸ್ ಮೂರು

"ಕನ್ನಡಕ ತೆಗೆದು ನೋಡಿ ಮೇಡಂ, ತಾಗಿ ಗೀರು ಬಿದ್ದರೆ ನಮಗೆ ಬೈಗುಳ," ಎಂದ ಅಂಗಡಿಯವನು.

ಬಂದು ಮುಕ್ಕಾಲು ಗಂಟೆಯಾದ ಮೇಲೆ ಅವನು ಅವಳಿಗೆ ಹೇಳಿದ ಮೊದಲ ಮಾತು ಅದು. ಅಲ್ಲಿಯವರೆಗಿನದೆಲ್ಲ ಭಾವನ ಜೊತೆಗೇ ನಡೆದಿತ್ತು. ಕ್ಯಾಮೆರಾ ಯಾರಿಗೆ ಎಂದು ಅವನು ಕೇಳಿರಲಿಲ್ಲ. ಭಾವ ಹೇಳಿರಲೂ ಇಲ್ಲ.

ಅವಳು ಕನ್ನಡಕ ತೆಗೆದು ಗಾಜಿನ ಮೇಜಿನ ಮೇಲಿಟ್ಟಳು. ಯಾರೂ ಎತ್ತಿಕೊಂಡು ಹೋಗದಿರಲಿ ಎಂದು ಕ್ಯಾಮೆರಾಕ್ಕೆ ಸುರುಳಿ ತಂತಿ ಕಟ್ಟಿದ್ದರು. ಅದು ಎದೆಮಟ್ಟಕ್ಕಿಂತ ಮೇಲೆ ಬರುತ್ತಿರಲಿಲ್ಲ. ಕುತ್ತಿಗೆ ಬಗ್ಗಿಸಿ ಕಿಂಡಿಗೆ ಕಣ್ಣಿಟ್ಟಳು. ಗೋಡೆ, ಬಾಗಿಲು, ಆಚೆಯ ರಸ್ತೆ, ಎಲ್ಲ ನೀರಲ್ಲಿ ಕಲಸಿದ ಬಣ್ಣ.

"ಮಬ್ಬಾಗಿದೆ," ಎಂದಳು.

ಭಾವ ಅವಳ ಕೈಯಿಂದ ತೆಗೆದುಕೊಂಡು ನೋಡಿದ. "ಕನ್ನಡಿ ಥರ ಕಾಣ್ತಿದೆಯಲ್ಲೇ ಸೋಡಾಬುಡ್ಡಿ. ಕೆಟ್ಟಿರೋದು ಕ್ಯಾಮೆರಾ ಅಲ್ಲ, ನಿನ್ನ ಕಣ್ಣು." ಆಮೇಲೆ ಅಂಗಡಿಯವನತ್ತ ತಿರುಗಿ, "ನೋಡಿ ಸ್ವಾಮಿ, ನಮ್ಮನೇಲಿ ಕಣ್ಣು ಕಾಣದೋರೇ ಫೋಟೋ ತೆಗೆಯೋಕೆ ಹೊರಟಿದ್ದಾರೆ," ಎಂದ. ಅಂಗಡಿಯವನು ನಕ್ಕ. ಗಿರಾಕಿ ನಗಿಸಿದರೆ ನಗುವುದೂ ಅವನ ಸಂಬಳದಲ್ಲೇ ಸೇರಿತ್ತು.

ಬರುವ ಸೋಮವಾರ ಅವಳು ಬೀಜ ಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಬೇಕು. ಎಳ್ಳಿಗಿಂತ ಚಿಕ್ಕ ಕಾಡುಬೀಜಗಳ ಫೋಟೋ ತೆಗೆದು ಪಟ್ಟಿ ಮಾಡುವ ಕೆಲಸ. ಕ್ಯಾಮೆರಾ ನೀವೇ ತರಬೇಕು ಎಂದಿದ್ದರು. ಮೂರು ತಿಂಗಳು ಓದಿ, ಹೊಡೆದು ಹಾಕಿ, ಮತ್ತೆ ಓದಿ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದಳು: ಹಗುರವಾದ ಚಿಕ್ಕ ಕ್ಯಾಮೆರಾ, ಹತ್ತಿರದ್ದನ್ನು ಹಿಡಿಯುವ ಮ್ಯಾಕ್ರೋ ಲೆನ್ಸ್ ಒಂದು. ಅಷ್ಟೇ. ಅಂಗಡಿಯ ಮೆಟ್ಟಿಲಲ್ಲೇ ಭಾವ ಆ ಹಾಳೆಯನ್ನು "ಕೊಡಿಲ್ಲಿ" ಎಂದು ಇಸಿದುಕೊಂಡು, ಓದದೆ, ನಾಲ್ಕಾಗಿ ಮಡಿಚಿ ಜೇಬಿಗಿಳಿಸಿದ್ದ. ಹುಡುಗಿ ಒಬ್ಬಳೇ ಹೋದರೆ ಅಂಗಡಿಯವರು ಟೋಪಿ ಹಾಕುತ್ತಾರೆ ಎಂದು ಅಮ್ಮನೇ ಅವನನ್ನು ಜೊತೆಗೆ ಕಳಿಸಿದ್ದಳು. ಟೋಪಿ ಮನೆಯಿಂದಲೇ ಬಂದಿತ್ತು.

"ಆ ಎರಡು ಲೆನ್ಸಿನ ಸೆಟ್ಟೇ ಬಿಲ್ ಮಾಡಿ," ಎಂದ ಭಾವ. "ಒಂದಕ್ಕಿಂತ ಎರಡು ವಾಸಿ ಅನ್ನೋಕೆ ಡಿಗ್ರಿ ಬೇಕಾಗಿಲ್ಲ. ಬ್ಯಾಗ್ ಬೇರೆ ಪುಕ್ಕಟೆ."

"ಭಾವ, ಆ ಎರಡರಲ್ಲಿ ಮ್ಯಾಕ್ರೋ ಒಂದೂ ಇಲ್ಲ. ಆ ಉದ್ದ ಲೆನ್ಸಂತೂ ಒಂದು ಮೀಟರಿಗಿಂತ ಹತ್ತಿರ ಇರೋದನ್ನ ಹಿಡಿಯೋದೇ ಇಲ್ಲ."

"ಹತ್ತಿರ ಇರೋದು ಬರಿಗಣ್ಣಿಗೇ ಕಾಣುತ್ತೆ. ಅದಕ್ಕೆ ಲೆನ್ಸ್ ಯಾಕೆ?"

"ನನ್ನ ಕೆಲಸಕ್ಕೆ..."

"ಆ ಕೆಲಸ ಎಷ್ಟು ದಿನದ್ದೋ. ಮುಂದಿನ ತಿಂಗಳು ಮಗೂದು ಸ್ಕೂಲಲ್ಲಿ ಓಟದ ಪಂದ್ಯ ಇದೆ, ದೂರದಿಂದ ಲಕ್ಷಣವಾಗಿ ಬರುತ್ತೆ. ನೀನೇನೂ ತಲೆ ಕೆಡಿಸ್ಕೋಬೇಡ. ಎಲ್ಲಾ ನಾನೇ ಸೆಟ್ ಮಾಡಿ ಕೊಡ್ತೀನಿ. ನೀನು ಗುಂಡಿ ಒತ್ತಿದ್ರೆ ಸಾಕು."

ಗುಂಡಿ ಒತ್ತಿದರೆ ಸಾಕು. ಅವಳ ಕಿವಿ ಕಾದು ಕೆಂಪಾಯಿತು. ಮನೆಗೆ ಹೋಗಿ ಈ ಮಾತನ್ನು ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯಬಹುದು. ಹಾಗೆ ಗೆರೆ ಎಳೆಸಿಕೊಂಡ ಭಾವನ ಮಾತುಗಳು ಅಲ್ಲಿ ಆಗಲೇ ಬೇಕಾದಷ್ಟಿದ್ದವು. ಬರೆದ ಮೇಲೂ ಸೋಮವಾರ ಕೈಯಲ್ಲಿರುವುದು ಆ ಉದ್ದ ಲೆನ್ಸೇ.

ಅಂಗಡಿಯವನು ಬಿಲ್ ಪುಸ್ತಕ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ. "ಹೆಸರು ಏನಂತ ಬರೀಲಿ ಸಾರ್?"

"ಬರೀಬೇಡಿ," ಎಂದಳು ಅವಳು. ದನಿ ಬೇರೆ ಯಾರದ್ದೋ ಅನ್ನಿಸಿತು. "ಆ ಮೂರನೇ ಸಾಲಿನ ಚಿಕ್ಕ ಕ್ಯಾಮೆರಾ ಕೊಡಿ. ಮ್ಯಾಕ್ರೋ ಲೆನ್ಸ್ ಹಾಕಿ. ತಂತಿ ಕಟ್ಟದೆ ಕೊಡಿ."

"ಅದಕ್ಕೆ ಒಂದೇ ಲೆನ್ಸ್ ಮೇಡಂ."

"ನನಗಿರೋದೂ ಒಂದೇ ಕೆಲಸ."

"ಏನೇ ಇದು, ಜನ ನೋಡ್ತಿದ್ದಾರೆ," ಎಂದ ಭಾವ ಹಲ್ಲು ಕಚ್ಚಿ.

"ನೋಡ್ಲಿ ಭಾವ. ಅವರ ಕಣ್ಣು ಚೆನ್ನಾಗಿದೆಯಲ್ಲ."

ಅಂಗಡಿಯವನು ಲೆನ್ಸ್ ಹಾಕಿ ಚಿಕ್ಕ ಕ್ಯಾಮೆರಾ ಮುಂದಿಟ್ಟ. ಅವಳು ಕೈಚೀಲದಿಂದ, ಕಾಡುಬೀಜ ಹಾಕಿ ತಂದಿದ್ದ ಬೆಂಕಿಪೊಟ್ಟಣ ತೆಗೆದು, ಬಿಲ್ ಪುಸ್ತಕದಲ್ಲಿ ಹೆಸರಿಗೆಂದು ಬಿಟ್ಟಿದ್ದ ಖಾಲಿ ಜಾಗದ ಮೇಲೆ ಒಂದು ಬೀಜ ಉದುರಿಸಿದಳು. ಕಪ್ಪು ಚುಕ್ಕೆ, ನೊಣದ ಹಿಕ್ಕೆಯಷ್ಟು. ಮೊಣಕೈಗಳನ್ನು ಮೇಜಿಗೆ ಊರಿ, ಕನ್ನಡಕವಿಲ್ಲದ ಕಣ್ಣನ್ನು ಕಿಂಡಿಗಿಟ್ಟಳು. ಮತ್ತೆ ಅದೇ ಮಬ್ಬು. ಕಿಂಡಿಯ ಪಕ್ಕದಲ್ಲಿ ಉಗುರಿಗಿಂತ ಚಿಕ್ಕದಾದ ಒಂದು ಹಲ್ಲುಚಕ್ರವಿರುತ್ತದೆ, ನೋಡುವವರ ಕಣ್ಣಿನ ನಂಬರಿಗೆ ಕಿಂಡಿಯನ್ನು ಹೊಂದಿಸಲು. ಕ್ಯಾಮೆರಾದ ಕೈಪಿಡಿಯನ್ನು ಕೊನೆಯ ಪುಟದವರೆಗೆ ಓದಿದವರಿಗೆ ಅದು ಗೊತ್ತು. ಆ ಅಂಗಡಿಯಲ್ಲಿ ಓದಿದವಳು ಅವಳೊಬ್ಬಳೇ. ಮೈನಸ್ ಕಡೆಗೆ ಒಂದೊಂದೇ ಹಲ್ಲು ತಿರುಗಿಸಿದಳು. ಅವಳ ನಂಬರು ಮೈನಸ್ ಮೂರು. ಅಲ್ಲಿಗೆ ಬಂದಾಗ ಬೀಜ ಥಟ್ಟನೆ ಎದ್ದು ನಿಂತಿತು.

ಒತ್ತಿದಳು. ಹಿಂದಿನ ಪರದೆಯಲ್ಲಿ ಬೀಜ ಅಂಗೈಯಗಲವಾಗಿ ಮೂಡಿತು: ಮೈಮೇಲೆಲ್ಲ ಬಲೆಯಂಥ ಏಣುಗಳು, ತುದಿಗೊಂದು ಕೊಕ್ಕೆ, ಪಕ್ಕದಲ್ಲಿ ಅಚ್ಚಿನ ಅಕ್ಷರದ ಒಂದು ಮೂಲೆ ಹಗ್ಗದಷ್ಟು ದಪ್ಪ.

"ಇದು ಇದೇನಾ ಮೇಡಂ?" ಅಂಗಡಿಯವನು ಒಮ್ಮೆ ಪುಸ್ತಕ, ಒಮ್ಮೆ ಪರದೆ ನೋಡಿದ.

ಭಾವ ಕ್ಯಾಮೆರಾ ಕಸಿದುಕೊಂಡು ಕಿಂಡಿಗೆ ಕಣ್ಣಿಟ್ಟ. ತೆಗೆದ. ಕಣ್ಣುಜ್ಜಿಕೊಂಡು ಮತ್ತೆ ಇಟ್ಟ. "ನಾನು ಆಗಲೇ ಅಂದ್ಕೊಂಡೆ. ಒಂದೂ ಕಾಣಲ್ಲ. ಈ ಪೀಸು ಕೆಟ್ಟಿದೆ, ಬೇರೆ ಕೊಡಿ."

"ಕೆಟ್ಟಿಲ್ಲ ಭಾವ," ಎಂದು ಅವಳು ಕ್ಯಾಮೆರಾವನ್ನು ಹಿಂದಕ್ಕೆ ತೆಗೆದುಕೊಂಡಳು. "ಈಗ ಅದು ನನ್ನ ಕಣ್ಣಿಗಿದೆ."

ಅಂಗಡಿಯವನಿಗೆ ಈಗ ತಿಳಿಯಿತು. "ಒಂದು ನಿಮಿಷ ಸಾರ್, ನಿಮ್ಮ ಕಣ್ಣಿಗೆ ಸರಿ ಮಾಡ್ಕೊಡ್ತೀನಿ," ಎನ್ನುತ್ತ ಚಕ್ರದತ್ತ ಬೆರಳು ಚಾಚಿದ.

ಚಕ್ರದ ಮೇಲೆ ಆಗಲೇ ಅವಳ ಹೆಬ್ಬೆರಳಿತ್ತು.